ನನ್ನ ದನಿಯನ್ನು ಕೆಂಪು ಶಿಖರವಾಗಿಸಿದ ಶಬ್ದಮಾಪಕಕ್ಕೆ

ಮಾನ್ಯ ಶಬ್ದಮಾಪಕ ಯಂತ್ರದವರೇ,

ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಬಡ ಮನೆಯ ಕಪಾಟಿನ ಮೇಲೆ ಬಿಜಯಂಗೈದು, ಕುಕ್ಕರಿನ ಸೀಟಿಯನ್ನೂ ನನ್ನ ಆಕಳಿಕೆಯನ್ನೂ ಸಮಭಾವದಿಂದ ಆಲಿಸಿದ ತಮ್ಮ ಘನ ಕಿವಿಗೆ ವೀರಭದ್ರನ ಅನಂತ ನಮಸ್ಕಾರಗಳು.

ಪ್ರತಿ ಭಾನುವಾರ ವಿಜಾಪುರದ ಅಣ್ಣ ಮಹಾಲಿಂಗಪ್ಪನೊಡನೆ ನಾನು ಫೋನಿನಲ್ಲಿ ಮಾತಾಡುವಾಗಲೇ ಪಕ್ಕದ ಮನೆಯ ಮಿಸೆಸ್ ಹಾಲೆಂಡರ ಬಟ್ಟೆ ಒಗೆಯುವ ಮಷೀನು ನಡುಗೋಡೆಯನ್ನು ನಡುಗಿಸುತ್ತದೆಂದು ಕೌನ್ಸಿಲ್ಲಿಗೆ ದೂರಿದೆ. ಅವರು ಪುರಾವೆ ಕೇಳಿದರು. ಅಷ್ಟರಲ್ಲಿ ಮಗಳು ಅನ್ವಿತಾ ಕಾಲೇಜಿನ ಸಂಶೋಧನೆಗೆಂದು ತಮ್ಮನ್ನೂ, ಗೋಡೆಗೆ ಅಂಟಿಕೊಂಡು ಅದರ ಅಲುಗಾಟ ಅಳೆಯುವ ತಮ್ಮ ಸಹೋದರರನ್ನೂ ಕರೆತಂದಾಗ, ಗೆದ್ದೆನೆಂದು ಹಿಗ್ಗಿ ತಮಗೆ ಕುಂಕುಮ ಹಚ್ಚಿದವನು ನಾನೇ.

ತಾವು ಋಣ ತೀರಿಸಿದ ಬಗೆಯನ್ನು ಎಷ್ಟು ಹೊಗಳಲಿ! ಭಾನುವಾರ ಕಾಗದದ ಅಂಚು ಮುಟ್ಟುವ ಶಿಖರವೊಂದನ್ನು ಎಬ್ಬಿಸಿದಿರಿ. ಗೋಡೆ ನಡುಗಿದ್ದು ಮಾತಿನ ಭರದಲ್ಲಿ ನಾನು ನೆಲ ತುಳಿಯುತ್ತ ಅಡ್ಡಾಡಿದ್ದರಿಂದ ಎಂದು ತಮ್ಮ ಸಹೋದರರು ಸಾಕ್ಷಿ ನುಡಿದರು. "ಡ್ಯಾಡ್, ದಟ್ಸ್ ಯೂ!" ಎಂದು ಅನ್ವಿತಾ ಸೋಫಾದಿಂದ ಉರುಳಿದಳು. "ಮಷೀನಿಗೆ ಸುಳ್ಳ ಹೇಳಾಕ ಬರೂದಿಲ್ರೀ," ಎಂದು ನನ್ನಾಕೆ ಶ್ರೀಲತಾ ಸೆರಗಿನಲ್ಲಿ ನಗು ಒರೆಸಿಕೊಂಡಳು.

ಕಾಲೇಜಿನ ಪ್ರದರ್ಶನದಲ್ಲಿ ಆ ಶಿಖರ ಕೆಂಪಾಗಿ ತೂಗುತ್ತಿತ್ತು. ಅದರ ಮುಂದೆ, ಮಗಳ ವಿಶೇಷ ಆಹ್ವಾನಿತರಾಗಿ, ಸಾಕ್ಷಾತ್ ಮಿಸೆಸ್ ಹಾಲೆಂಡ್! ನೆಲ ಬಾಯಿಬಿಡಬಾರದೇ ಎನ್ನಿಸಿತು. ಆಕೆ ಕನ್ನಡಕ ಏರಿಸಿ ನೋಡಿ, ಭಾನುವಾರ ನಮ್ಮಲ್ಲಿ ಪೂಜೆ ನಡೆಯುತ್ತದೆಂದೇ ನಂಬಿದ್ದಾಗಿಯೂ, ಅದಕ್ಕೆ ಭಂಗ ಬಾರದಿರಲೆಂದು ಬಟ್ಟೆಯನ್ನೆಲ್ಲ ಸೋಮವಾರ ಒಗೆಯುತ್ತಿದ್ದುದಾಗಿಯೂ ಹೇಳಿದರು. ನಾನು ಎಲ್ಲರೆದುರು ಕೈಮುಗಿದು ತಪ್ಪೊಪ್ಪಿಕೊಂಡೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನಮ್ಮೊಡನೆ ಚಹಾ ಕುಡಿದೇ ಹೋದರು. ದೂರನ್ನು ಮರುದಿನವೇ ಹಿಂದಕ್ಕೆ ಪಡೆದೆ.

ಆದರೂ ನನ್ನದೊಂದು ಸಣ್ಣ ಬಿನ್ನಹ: ಮುಂದಿನ ಅಳತೆಯಲ್ಲಿ ನನ್ನ ಸದ್ದನ್ನು ಲಂಡನ್ನಿನಿಂದ ವಿಜಾಪುರಕ್ಕಿರುವ ಮೈಲುಗಳಿಂದ ದಯಮಾಡಿ ಭಾಗಿಸಿರಿ, ಆಗ ಅದು ಪಿಸುಮಾತೇ ಆದೀತು. ಅಕ್ಕರೆಯ ಪಾಲನ್ನು ಕಳೆದರಂತೂ ಮೌನವೇ ಉಳಿದೀತು.

ತಮ್ಮ ಮುಂದೆ ಇನ್ನೆಂದೂ ಬಾಯಿಬಿಡದ,
ತಮ್ಮ ವಿಶ್ವಾಸಿ,
ವೀರಭದ್ರ

ತಾ.ಕ.: ಮೊನ್ನೆ ಮೆಲುದನಿಯಲ್ಲಿ ಫೋನ್ ಮಾಡಿದೆ. "ಯಾಕಲೇ, ದವಾಖಾನ್ಯಾಗ ಅದಿ ಏನು?" ಎಂದು ಅಣ್ಣ ಅರಚಿದ ರಭಸಕ್ಕೆ ಮಿಸೆಸ್ ಹಾಲೆಂಡರು ಗೋಡೆ ತಟ್ಟಿ, ಪೂಜೆ ಮುಗಿಯಿತೇ ಎಂದು ವಿಚಾರಿಸಿದರು.