ಇಂಟರ್‌ನ್ಯಾಷನಲ್ ಮಾವ

ನಮ್ಮ ಸೈನ್ಯ ಗೋವೆಯಿಂದ ಪೋರ್ಚುಗೀಸರನ್ನು ಓಡಿಸಿದ್ದು ನಿಮಗೆಲ್ಲ ಗೊತ್ತು. ಅದೇ ಯುದ್ಧದಲ್ಲಿ ಪುತ್ತೂರಿನ ನನ್ನ ಸೋದರಮಾವ ಕೂಡ ಸೋತರು ಎಂಬುದು ಎಷ್ಟು ಜನರಿಗೆ ಗೊತ್ತು? ಊರಿಡೀ ಲಾಡು ಹಂಚುತ್ತಿದ್ದ ದಿನ ಅವರೊಬ್ಬರು ಮಾತ್ರ ತಮ್ಮ ಆಫೀಸಿನ ಜಗಲಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದರು. ದೇಶದ್ರೋಹಿ ಎಂದುಕೊಳ್ಳಬೇಡಿ! ಮಾವ ಖಾದಿ ಬಿಟ್ಟು ಬೇರೆ ಉಟ್ಟವರಲ್ಲ. ಅವರ ದುಃಖವೆಲ್ಲ ತಲೆಯ ಮೇಲೆ ತೂಗುತ್ತಿದ್ದ ಬೋರ್ಡಿನದ್ದು. ‘ಇಂಟರ್‌ನ್ಯಾಷನಲ್ ಆರ್ಕಿಟೆಕ್ಟ್ಸ್, ಪುತ್ತೂರು, ದ.ಕ.’ ಎಂದು ಅದರಲ್ಲಿ ಬರೆದಿತ್ತು.

ಬೋರ್ಡು ಸುಳ್ಳೇನೂ ಹೇಳುತ್ತಿರಲಿಲ್ಲ. ಮಾವನನ್ನು ಬಿಟ್ಟರೆ ಕಂಪೆನಿಯಲ್ಲಿ ಮೂವರು. ಕಲ್ಲು ಕಟ್ಟುವ ಮೇಸ್ತ್ರಿ ಗೋವೆಯವರು, ಅಂದರೆ ಆಗಿನ ಲೆಕ್ಕದಲ್ಲಿ ಪೋರ್ಚುಗಲ್! ನಕ್ಷೆ ಬರೆಯುವವರು ಹುಟ್ಟಿದ್ದು ಇಲ್ಲೇ ಸುಳ್ಯದ ಕಡೆಯ ಐವರ್ನಾಡಿನಲ್ಲಿ ಆದರೂ ಕೊಲಂಬೊದ ಇಂಜಿನಿಯರೊಬ್ಬರ ಆಫೀಸಿನಲ್ಲಿ ಆರು ವರ್ಷ ಇದ್ದು ಬಂದವರು. ಹಾಗಾಗಿ ಎಲ್ಲರಿಗೂ ಸಿಲೋನಣ್ಣ. ಮರದ ಕೆಲಸದ ಆಚಾರಿ ಕಾಸರಗೋಡಿನವರು. ಕಂಪೆನಿಗೆ ಸೇರುವಾಗ ಅವರು ನಮ್ಮ ಜಿಲ್ಲೆಯವರೇ. ಆಮೇಲೆ ಭಾಷೆ ನೋಡಿ ರಾಜ್ಯಗಳನ್ನು ಹಂಚಿದರಲ್ಲ, ಆಗ ಕೈಯಲ್ಲಿದ್ದ ಉಳಿ ಕೆಳಗಿಡದೆ ಕೂತಲ್ಲೇ ಕೇರಳದವರಾಗಿಬಿಟ್ಟರು. ಮಾವ ಅಂದು ಆಫೀಸಿನಲ್ಲಿ ಪಾಯಸ ಹಂಚಿದರಂತೆ. ರಾಜ್ಯ ಬೇರೆಯಾದ ಮಾತ್ರಕ್ಕೆ ದೇಶ ಬೇರೆಯಾಗುತ್ತದೆಯೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅರ್ಧ ಇಂಟರ್‌ನ್ಯಾಷನಲ್ ಅಂತ ಹಿಡಿದರೆ ಸಾಕು ಎಂದರು.

ಇನ್ನು ಮಾವನ ಸ್ವಂತ ವಿದ್ಯೆ? ಅವರು ಹಿಂದೆ ಸರ್ವೆಯವರ ಜೊತೆ ಜಾಗ ಅಳೆಯುವ ಚೈನು ಎಳೆದವರು. ಪುತ್ತೂರು, ಸುಳ್ಯ, ಕಡಬದ ಗುಡ್ಡ ಬೈಲುಗಳಲ್ಲೆಲ್ಲ ಎಳೆದು ಮುಗಿಸಿದ್ದರು. ಚೈನಿನ ಆ ತುದಿಯಲ್ಲಿ ಸರ್ವೆಯರು, ಈ ತುದಿಯಲ್ಲಿ ಮಾವ; ಚೈನು ಒಂದೇ ಆದ ಮೇಲೆ ವಿದ್ಯೆಯೂ ಒಂದೇ ಎಂಬುದು ಅವರ ವಾದ.

ನಾನಾಗ ಪುತ್ತೂರಿಗೆ ಹತ್ತಿರದ ನರಿಮೊಗರಿನ ಶಾಲೆಯಲ್ಲಿ ಹೊಸದಾಗಿ ಟೀಚರಾಗಿ ಸೇರಿದ್ದೆ. ಉಳಿದುಕೊಂಡದ್ದು ಮಾವನ ಮನೆಯಲ್ಲಿ. ಆಫೀಸಿನ ಹಿಂದೆಯೇ ಎರಡು ಕೋಣೆಯ ಬಾಡಿಗೆ ಮನೆ. ಮಾವ ಅತ್ತೆಗೆ ಮಕ್ಕಳಿಲ್ಲದ್ದರಿಂದ ಅದರಲ್ಲಿ ನನಗೂ ಒಂದು ಚಾಪೆಯ ಜಾಗ.

ಬೋರ್ಡು ಹಾಕಿದ ವಾರದಲ್ಲೇ ಮೊದಲ ಗಿರಾಕಿ ಬಂದ ಕಥೆಯನ್ನು ಅತ್ತೆ ಬಾಯಿತುಂಬ ಹೇಳುತ್ತಿದ್ದರು. ಕಡಬದ ಕಡೆಯ ಒಬ್ಬ ಮುದುಕಿ ಬೋರ್ಡಿನಲ್ಲಿ ‘ಆರ್ಕಿ’ ಎಂಬಲ್ಲಿಯವರೆಗೆ ಮಾತ್ರ ಓದಿಸಿಕೊಂಡು ಒಳಗೆ ಬಂದು, ಹೊಟ್ಟೆನೋವಿಗೆ ಓಮದ ಅರ್ಕ ಉಂಟಾ ಎಂದು ಕೇಳಿದಳಂತೆ. ಬೇರೆಯವರಾಗಿದ್ದರೆ ವೈದ್ಯರ ದಾರಿ ತೋರಿಸುತ್ತಿದ್ದರು. ಮಾವ ಬಿಡುತ್ತಾರೆಯೇ! ಅವಳನ್ನು ಕೂರಿಸಿ, ನಿಮ್ಮ ಒಲೆ ಯಾವ ದಿಕ್ಕಿಗೆ ಉಂಟು, ಹೊಗೆ ಎಲ್ಲಿ ಹೋಗುತ್ತದೆ ಎಂದು ವಿಚಾರಿಸಿ, ಹೊಟ್ಟೆನೋವಿಗೆ ಕಾರಣ ಹೊಗೆಯೇ ಎಂದು ತೀರ್ಮಾನ ಕೊಟ್ಟರು. ಮರುವಾರ ಮೇಸ್ತ್ರಿ ಹೋಗಿ ಹೊಗೆಗೂಡು ಕಟ್ಟಿ ಬಂದರು. ಹೊಟ್ಟೆನೋವು ವಾಸಿಯಾಯಿತು! ಮುದುಕಿ ತನ್ನ ನಾಲ್ಕು ಜನ ನೆಂಟರನ್ನೂ ಕಳಿಸಿದಳು, ಎಲ್ಲರೂ ಹೊಟ್ಟೆನೋವಿನವರೇ.

ಮೇಸ್ತ್ರಿ ಗೋವೆಯಲ್ಲಿ ಕಟ್ಟುತ್ತಿದ್ದದ್ದು ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು. ಕೈ ಅದಕ್ಕೇ ಒಗ್ಗಿಹೋಗಿತ್ತು. ಬೆಟ್ಟಂಪಾಡಿಯ ಒಬ್ಬರು ದನದ ಹಟ್ಟಿ ಕಟ್ಟಿಸಿದರೆ, ಅದಕ್ಕೆ ಮೂರಾಳು ಎತ್ತರದ ಕಮಾನು ಎಬ್ಬಿಸಿ ಕೊಟ್ಟರು. ದನಗಳು ಒಳಗೆ ಹೋಗುವ ಮೊದಲು ಒಂದು ಗಳಿಗೆ ನಿಂತು ಮೇಲೆ ನೋಡುತ್ತಿದ್ದವಂತೆ. ಹಾಲು ಹೆಚ್ಚಾಯಿತೇ ಎಂದು ಮಾವ ಕೇಳಿ ಕಳಿಸಿದರು. ಹಾಲು ಅಷ್ಟೇ ಉಂಟು, ಭಕ್ತಿ ಹೆಚ್ಚಾಗಿದೆ ಎಂದು ಉತ್ತರ ಬಂತು.

ಸಿಲೋನಣ್ಣನ ನಕ್ಷೆಗಳದ್ದು ಇನ್ನೊಂದು ಚಂದ. ಅವರು ಬರೆದ ಒಂದು ನಕ್ಷೆಯ ಮೂಲೆಯಲ್ಲಿ ದುಂಡಗಿನ ಒಂದು ಗೆರೆ ಇತ್ತು. ಮೇಸ್ತ್ರಿ ಅದನ್ನು ಬಾವಿ ಎಂದು ಓದಿ, ಆಳು ಹಚ್ಚಿ ಹದಿನೆಂಟು ಅಡಿ ಅಗೆಸಿಬಿಟ್ಟರು. ಯಜಮಾನರು ನಾನು ಬಾವಿ ಕೇಳಲೇ ಇಲ್ಲವಲ್ಲ ಎಂದು ಕೂಗಾಡುತ್ತ ಬಂದರು. ವಿಚಾರಣೆ ನಡೆಯಿತು. ಅದು ಚಹಾದ ಲೋಟ ಇಟ್ಟ ಗುರುತು! ಆಗಲೇ ಇನ್ನೊಂದು ಗುಟ್ಟೂ ಹೊರಬಿತ್ತು. ಸಿಲೋನಣ್ಣ ಕೊಲಂಬೊದ ಆ ಆಫೀಸಿನಲ್ಲಿ ಆರು ವರ್ಷ ಮಾಡಿದ್ದು ಚಹಾ ಕೊಡುವ ಕೆಲಸ. ಲೋಟ ಇಡುವಾಗೆಲ್ಲ ನಕ್ಷೆ ನೋಡಿ ನೋಡಿ ಕಲಿತದ್ದು. ತಲೆತಗ್ಗಿಸಿ ನಿಂತ ಅವರನ್ನು ಮಾವ ಕೆಲಸದಿಂದ ತೆಗೆಯಲಿಲ್ಲ. ನಾನು ಚೈನು ಎಳೆದದ್ದು, ನೀನು ಚಹಾ ಕೊಟ್ಟದ್ದು, ವ್ಯತ್ಯಾಸ ಎಂತದ್ದು ಎಂದರು. ಅಷ್ಟರಲ್ಲಿ ಬಾವಿಯಲ್ಲಿ ನೀರು ಬಂತು. ಯಜಮಾನರು ಕೂಗಾಟ ನಿಲ್ಲಿಸಿ ಲೋಟ ಇಟ್ಟ ಕೈಗೆ ನಮಸ್ಕಾರ ಮಾಡಿ ಹೋದರು.

ಆದರೆ ಕಂಪೆನಿಯ ನಿಜವಾದ ಮಹಾಯುದ್ಧ ನಡೆಯುತ್ತಿದ್ದದ್ದು ಅಳತೆಯಲ್ಲಿ. ಸಿಲೋನಣ್ಣನದ್ದು ಅಡಿ, ಇಂಚು. ಮೇಸ್ತ್ರಿಯದ್ದು ಗೇಣು, ಅದೂ ಅವರದ್ದೇ ಗೇಣು. ಆ ಕೈಯಲ್ಲಿ ಒಂದು ಹಲಸಿನಕಾಯಿ ಹಿಡಿಯುತ್ತಿತ್ತು. ಆಚಾರಿಯದ್ದು ಕೋಲು, ಅಂಗುಲ. ಸಾಲದ್ದಕ್ಕೆ ಸರಕಾರ ಮೀಟರು ತಂದಿತು, ಮಾವ ಮಂಗಳೂರಿನಿಂದ ಅದರ ಟೇಪನ್ನೂ ತರಿಸಿದರು. ಒಂದೇ ಮನೆಗೆ ನಾಲ್ಕು ಅಳತೆ! ಗೋಡೆಗೆ ಬಾಗಿಲು ಕೂಡಿ ಬಂದರೆ ಅದು ದೇವರ ದಯೆ. ಅದರ ಮೇಲೆ ಆಚಾರಿಯ ಶಾಸ್ತ್ರ ಬೇರೆ. ಮನೆ ಕಟ್ಟುವುದು ಯಜಮಾನನ ಮೈಯ ಅಳತೆಯಿಂದ, ಅದಿಲ್ಲದೆ ನಾನು ಉಳಿ ಮುಟ್ಟುವವನಲ್ಲ ಎಂದು ಅವರ ಹಠ. ಬಂದ ಗಿರಾಕಿಗಳನ್ನೆಲ್ಲ ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದರು. ನೋಡಿದವರು ದರ್ಜಿಯ ಅಂಗಡಿ ಎಂದುಕೊಂಡು ಬಟ್ಟೆ ತಂದದ್ದೂ ಉಂಟು.

ಇಷ್ಟೆಲ್ಲ ನಗುವಿನ ಹಿಂದೆ ನಗು ಬಾರದ ಒಂದು ಸಂಗತಿ ಇತ್ತು. ಅದು ಅತ್ತೆಯ ಮೊಣಕಾಲು. ಹಿಂದೊಮ್ಮೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದ ಮೇಲೆ ಅವರ ಬಲಗಾಲು ಮಡಚುತ್ತಿರಲಿಲ್ಲ. ಬಾಡಿಗೆ ಮನೆಯ ಒಲೆ ನೆಲದಲ್ಲಿ. ಮನೆಯ ಧನಿಗಳು ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅತ್ತೆ ಒಂದು ಕಾಲನ್ನು ಒಲೆಯ ಪಕ್ಕಕ್ಕೆ ಉದ್ದ ಚಾಚಿ ಕೂತು, ದಿನಕ್ಕೆ ಹತ್ತು ಸಲ ಗೋಡೆ ಹಿಡಿದು ಏಳುತ್ತಿದ್ದರು. ಅವರು ಹಿಡಿಯುವ ಜಾಗದಲ್ಲಿ ಗೋಡೆಯ ಮೇಲೆ ಒಂದು ಕಪ್ಪು ಅಂಗೈ ಮೂಡಿತ್ತು. ನಿಂತುಕೊಂಡು ಅಡಿಗೆ ಮಾಡುವ ಹಾಗೆ ಒಂದು ಸ್ವಂತ ಅಡಿಗೆಕೋಣೆ, ಅವರು ಬದುಕಿನಲ್ಲಿ ಕೇಳಿದ್ದು ಅಷ್ಟೇ. ಕೇಳಿದಾಗೆಲ್ಲ ಮಾವ ಅಧ್ಯಯನ ನಡೆಯುತ್ತಾ ಉಂಟು ಎನ್ನುತ್ತಿದ್ದರು. ಊರವರ ದನಗಳಿಗೆ ಕಮಾನು ಕಟ್ಟಿಸಿದವರಿಗೆ ಹೆಂಡತಿಯ ಒಲೆಗೆ ಅಧ್ಯಯನ! ನನಗೆ ಮೈ ಉರಿಯುತ್ತಿತ್ತು.

ಅಧ್ಯಯನವೆಂದರೆ ಎಂತದ್ದು ಗೊತ್ತೇ? ಅತ್ತೆ ಬಟ್ಟೆ ಒಣಗಿಸಲು ಕೈ ಎತ್ತಿದರೆ ಮಾವ ನೂಲು ಹಿಡಿದು ಹಿಂದೆ ಪ್ರತ್ಯಕ್ಷ. ಕಿಟಕಿಯ ಹತ್ತಿರ ನಿಂತರೆ ಅಲ್ಲಿಯೂ ನೂಲು. ಯಾರದೋ ಮಾತು ಕೇಳಿ ಮಂತ್ರದ ನೂಲು ಕಟ್ಟಲಿಕ್ಕೆ ಬರುತ್ತಿದ್ದಾರೆಂದು ಅತ್ತೆಗೆ ಗುಮಾನಿ.

"ನನಗೆ ಎಂತ ಭೂತ ಹಿಡಿದುಂಟಾ? ಆಚೆ ಹೋಗಿ ನೀವು," ಎಂದು ಸೌಟು ಎತ್ತಿದರೆ ಮಾವ ನೂಲನ್ನು ಜೇಬಿಗೆ ತುರುಕಿ ಮಾಯವಾಗುತ್ತಿದ್ದರು. ಮಾವನಿಗೆ ಮರುಳು ಹೆಚ್ಚಾಯಿತು ಎಂದು ನಾನು ಊರಿಗೆ ಕಾಗದವನ್ನೂ ಬರೆದೆ.

ಇಂಥ ಹೊತ್ತಿನಲ್ಲಿ ಗೋವೆ ಸ್ವತಂತ್ರವಾಯಿತು. ಮೇಸ್ತ್ರಿ ರಾತ್ರಿ ಬೆಳಗಾಗುವುದರೊಳಗೆ ಭಾರತದವರಾದರು. ಚಹಾದ ಗುಟ್ಟು ಹೊರಬಿದ್ದ ಮೇಲೆ ಸಿಲೋನು ಮೊದಲೇ ಕೈಬಿಟ್ಟಿತ್ತು. ಉಳಿದದ್ದು ಆಚಾರಿಯ ಅರ್ಧ. ಮಾವ ಮೂರು ದಿನ ಜಗಲಿಯಲ್ಲಿ ಕುಳಿತರು. ನಾಲ್ಕನೆಯ ದಿನ ಏಣಿ ಇಟ್ಟು ಬೋರ್ಡು ಇಳಿಸಿ, ಮೂವರನ್ನೂ ಕರೆದು, ಇನ್ನು ನಾವು ಬರೀ ಲೋಕಲ್, ಹಾಗಾದರೆ ನನ್ನ ಸ್ವಂತ ಮನೆಯ ಕೆಲಸವೇ ಮೊದಲಾಗಲಿ ಎಂದರು. ನರಿಮೊಗರಿನ ದಾರಿಯಲ್ಲಿ ಅವರದ್ದೊಂದು ತುಂಡು ಜಾಗ ಇತ್ತು.

ಪಾಯ ತೋಡಿದ ದಿನವೇ ಜಗಳ. ಅಡಿಗೆಕೋಣೆಗೆ ಯಾವ ಅಳತೆ? ಅಡಿಯೋ, ಗೇಣೋ, ಕೋಲೋ? ಆಚಾರಿ ಯಜಮಾನನ ಅಳತೆ ಕೊಡಿ ಎಂದು ಮಾವನನ್ನೇ ನಿಲ್ಲಿಸಿ ಅಳೆಯಲು ಬಂದರು. ಮಾವ ಜೇಬಿನಿಂದ ಒಂದು ನೂಲು ತೆಗೆದು ಅವರ ಕೈಗೆ ಕೊಟ್ಟರು. ಅದರಲ್ಲಿ ಮೂರು ಗಂಟುಗಳಿದ್ದವು.

"ಇದು ಯಾವ ದೇಶದ ಅಳತೆ ಮಾರಾಯ್ರೆ?" ಎಂದರು ಸಿಲೋನಣ್ಣ.

"ಅಡಿಗೆಕೋಣೆಗೆ ಯಜಮಾನ ನಾನಲ್ಲ," ಎಂದರು ಮಾವ. "ಇದು ಅವಳದ್ದು. ಮೊದಲಿನ ಗಂಟು ಮೊಣಕೈ, ಒಲೆಯ ಕಟ್ಟೆ ಅದಕ್ಕಿಂತ ಮೇಲೆ ಹೋಗುದು ಬೇಡ. ಎರಡನೆಯದ್ದು ಕಣ್ಣು, ಕಿಟಕಿ ಅಲ್ಲಿಗೆ ಬರಬೇಕು. ಮೂರನೆಯದ್ದು ಕೈ ಎತ್ತಿದರೆ ಬೆರಳಿನ ತುದಿ, ಡಬ್ಬಿ ಇಡುವ ಹಲಗೆ ಅದರಿಂದ ಕೆಳಗೆ."

ಮೇಸ್ತ್ರಿ ತಮ್ಮ ದೊಡ್ಡ ಕೈಯನ್ನು ಸುಮ್ಮನೆ ಹಿಂದಕ್ಕೆ ಕಟ್ಟಿಕೊಂಡರು. ಊರಿಗೆ ಬರೆದ ಕಾಗದ ನೆನಪಾಗಿ ನನಗೆ ನಾಚಿಕೆಯಾಯಿತು.

ಹೊಸ ಮನೆಯ ಒಕ್ಕಲಿನ ದಿನ ಅತ್ತೆ ಒಲೆಯ ಮುಂದೆ ನಿಂತು ಹಾಲುಕ್ಕಿಸಿದರು. ನಿಂತೇ ಪಾಯಸ ಮಾಡಿದರು, ನಿಂತಲ್ಲಿಂದಲೇ ಬೆಲ್ಲದ ಡಬ್ಬಿ ತೆಗೆದರು, ನಡುವೆ ಕಿಟಕಿಯ ಆಚೆ ರಸ್ತೆಯಲ್ಲಿ ಹೋಗುವವರನ್ನೂ ನೋಡಿದರು. ಅವರ ಕೈ ಅಭ್ಯಾಸಬಲದಿಂದ ಒಮ್ಮೆ ಗೋಡೆಗೆ ಹೋಗಿ, ಬೇಡವಾಗಿ, ಹಿಂದೆ ಬಂದದ್ದನ್ನು ನಾನು ಕಂಡೆ. ಊಟವೆಲ್ಲ ಮುಗಿದ ಮೇಲೆ ಅವರು ಮಾವನನ್ನು ಒಳಗೆ ಕರೆದರು. ಆ ನೂಲು ಎಲ್ಲಿ ಎಂದು ಕೇಳಿದರು; ಅದು ಎಂತದ್ದಕ್ಕೆಂದು ಈಗ ಅವರಿಗೂ ಗೊತ್ತಿತ್ತು. ಮಾವ ಹೆದರುತ್ತ ಜೇಬಿನಿಂದ ತೆಗೆದರು. ಅತ್ತೆ ಮಣೆಯ ಮೇಲೆ ಕೂತು, ಮಡಚದ ಆ ಕಾಲನ್ನು ಮುಂದೆ ಚಾಚಿದರು.

"ಇಷ್ಟು ವರ್ಷ ಹಿಂದೆ ಬಿದ್ದಿದ್ದೀರಲ್ಲ, ಈಗ ಕಟ್ಟಿ," ಎಂದರು.

ಮಾವ ಕೆಳಗೆ ಕೂತು ಮೊಣಕಾಲಿಗೆ ನೂಲು ಸುತ್ತಿದರು. ಗಂಟು ಹಾಕಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಅಷ್ಟೊಂದು ಗುಡ್ಡ ಬೈಲು ಅಳೆದವರಿಗೆ ಕಣ್ಣು ತುಂಬಿ ನೂಲಿನ ತುದಿಯೇ ಕಾಣಲಿಲ್ಲ. ಕೊನೆಗೆ ಆ ಗಂಟನ್ನು ನಾನೇ ಹಾಕಿದೆ.