ಆಷಾಢದ ಗಾಳಿಯೂ ಚಲುವಯ್ಯನವರ ವಿಮಾನವೂ

ಆ ಬೆಳಗ್ಗೆ ಪಕ್ಕದ ಮನೆಯ ಯಶೋದಮ್ಮ ಬಟ್ಟೆ ಹರವುತ್ತಾ ತಲೆ ಎತ್ತಿ ನೋಡದೇ ಇದ್ದಿದ್ದರೆ, ಚಲುವಯ್ಯನವರ ಸಂಸಾರ ಇನ್ನೂ ಕೆಲವು ವರ್ಷ ನೆಮ್ಮದಿಯಾಗಿಯೇ ಸಾಗುತ್ತಿತ್ತು.

"ಚಲುವಯ್ನೋರೇ! ನಿಮ್ಮಿಮಾನ ಎದ್ಬುಡ್ತು ಕಣ್ರೀ! ನನ್ ಮನೆ ಮ್ಯಾಕೇ ಬತ್ತಾ ಐತೆ!"

ಚಲುವಯ್ಯನವರು ಬಾಯಲ್ಲಿದ್ದ ಬ್ರಷ್ಷಿನ ಸಮೇತ ತಾರಸಿಗೆ ಓಡಿದರು.

ಪಾಂಡವಪುರದ ಆ ಬೀದಿಯಲ್ಲಿ ಚಲುವಯ್ಯನವರಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬರಿರಲಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಇಂಥವರು ಬಡಗಿ ಕೆಲಸದಿಂದ ನಿವೃತ್ತರಾದ ಮೇಲೆ, ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ನೋಡಿಕೊಂಡು ನೂರು ವರ್ಷದ ಹಿಂದಿನ ಮರದ ವಿಮಾನವನ್ನು ಅದರ ನಿಜವಾದ ಅಳತೆಯಲ್ಲೇ ತಮ್ಮ ತಾರಸಿಯ ಮೇಲೆ ಕಟ್ಟಿದ್ದರು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಸಿಲ್ವರ್ ಓಕಿನ ಎಲುಬುಗೂಡು, ಅದರ ಮೇಲೆ ಬಟ್ಟೆ ಬಿಗಿದು ಬಳಿದ ಕೆಂಪು ಬಣ್ಣ. ಎಂಜಿನ್ನು ಮಾತ್ರ ಇಲ್ಲ. ಹಾರದ ವಿಮಾನವೊಂದೇ ಅವರಿಗೆ ಒಪ್ಪುವ ವಿಮಾನ. ಅದರಲ್ಲಿಯೂ ಅವರು ಒಮ್ಮೆಯೂ ಹತ್ತಿ ಕೂತವರಲ್ಲ. ನೆಲದಿಂದ ಆಳೆತ್ತರವಿದೆ, ತಲೆ ಸುತ್ತುತ್ತದೆ ಎನ್ನುತ್ತಿದ್ದರು.

ಈಗ ಆಷಾಢದ ಗಾಳಿಗೆ ಬಲಗಡೆಯ ರೆಕ್ಕೆ ಗೇಣುದ್ದ ಏಳುತ್ತಿತ್ತು, ಇಳಿಯುತ್ತಿತ್ತು. ಮರ ಕಿರ್ರೋ ಎನ್ನುತ್ತಿತ್ತು. ರೆಕ್ಕೆಯ ತುದಿ ನೇರ ಯಶೋದಮ್ಮನ ಹೆಂಚಿನ ಮನೆಯ ಮೇಲಿತ್ತು.

ಅಷ್ಟರಲ್ಲಿ ಎದುರು ಮನೆಯ ಜವರಯ್ಯ ಏದುಸಿರು ಬಿಡುತ್ತಾ ಮೇಲೆ ಬಂದ. ಪೋಸ್ಟ್‌ಮನ್ ಆಗಿ ನಿವೃತ್ತನಾದ ಇವನಿಗೆ ತಿಳಿಯದ ವಿಷಯವೇ ಇರಲಿಲ್ಲ.

"ಚಕ್ರ ಎದ್ದವೆ ಕಣ್ಲಾ ಚಲುವ! ನಾನೇ ಕಣ್ಣಾರೆ ಕಂಡೆ. ಬಾರ ಇಲ್ದೆ ಹಾರ್ತಾ ಐತೆ. ಹತ್ತಿ ಕುಂತ್ಕಳ್ಳಾ ಒಳಕ್ಕೆ!"

"ನಾನಾ? ನೀನೇ ಕುಂತ್ಕೊ ಮಾರಾಯ!"

"ನಾನು ನಲವತ್ತೆಂಟು ಕೇಜಿ. ನನ್ನೂ ಎತ್ಕಂಡೋಯ್ತದೆ. ನೀನಾದ್ರೆ ಎಂಬತ್ತಿದ್ದೀಯ."

ಕೆಳಗೆ ಯಶೋದಮ್ಮ ಎದೆ ಬಡಿದುಕೊಳ್ಳುತ್ತಿದ್ದಳು: "ಒಳಗೆ ನಮ್ಮತ್ತೆ ಮಲಗವ್ರೆ ಕಣ್ರಪ್ಪೋ, ಎದ್ದು ಓಡಕ್ಕೂ ಆಗಕಿಲ್ಲ!"

ಆ ಮಾತು ಕೇಳಿದ ಮೇಲೆ ಚಲುವಯ್ಯನವರಿಗೆ ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಹತ್ತಿದರು. ಕೂತು ಕಣ್ಣು ಬಿಟ್ಟರೆ ಬೀದಿ, ಬೀದಿಯಾಚೆ ಮಾರ್ಕೆಟ್ಟು, ಅದರಾಚೆ ಸಕ್ಕರೆ ಕಾರ್ಖಾನೆಯ ಚಿಮಣಿ, ಎಲ್ಲವೂ ತೊಟ್ಟಿಲಂತೆ ತೂಗುತ್ತಿದ್ದವು. ಮತ್ತೆ ಮುಚ್ಚಿಕೊಂಡರು.

"ಕಲೀಮಂಗೆ ಫೋನ್ ಮಾಡ್ರೋ!" ಎಂದು ಕೂಗಿದರು. ಮರಗೆಲಸದ ಕಲೀಂ ಈ ವಿಮಾನ ಕಟ್ಟುವುದರಲ್ಲಿ ಅವರ ಜೊತೆಗಾರ. ಆದರೆ ಅವನು ಮರ ತರಲು ಬೆಳ್ಳೂರು ಕ್ರಾಸಿಗೆ ಹೋಗಿದ್ದ, ಫೋನು ಎತ್ತಲಿಲ್ಲ.

ಬೀದಿಯೆಲ್ಲ ತಾರಸಿಗೆ ಬಂತು. ಜವರಯ್ಯನ ಯಜಮಾನಿಕೆಯಲ್ಲಿ ಹಗ್ಗ ತಂದು ವಿಮಾನದ ಬಾಲವನ್ನು ನೀರಿನ ಟ್ಯಾಂಕಿಗೆ ಬಿಗಿದರು. ಐದಾರು ಜನ ಸೇರಿ ಎಳೆದ ರಭಸಕ್ಕೆ ಟ್ಯಾಂಕಿನ ಪೈಪು ಮುರಿದು, ನೀರೆಲ್ಲ ಚಲುವಯ್ಯನವರ ಬೆನ್ನಿಗೆ ಬಿತ್ತು. ಅವರು ಮೋಡದೊಳಗೆ ಹೊಕ್ಕೆನೆಂದೇ ತಿಳಿದು ಕಿರುಚಿಕೊಂಡರು. ಆಮೇಲೆ ಎರಡು ಮೂಟೆ ಬೂಸಾ, ಒಂದು ರುಬ್ಬುಗುಂಡು ಅವರ ತೊಡೆಯ ಮೇಲೆ ಕೂತವು.

ನಾಗಮಂಗಲದಿಂದ ಮಗಳು ಚೈತ್ರಳ ಫೋನು ಬಂತು. ಯಾರೋ ವಿಡಿಯೋ ಹರಿಬಿಟ್ಟಿದ್ದರು.

"ಅಪ್ಪಾ, ಈಗ ಯಾವೂರ್ ಮೇಲಿದ್ದೀರಾ?"

"ಇನ್ನೂ ಮನೆ ಮೇಲೇ ಇದ್ದೀನಿ ಕಣವ್ವಾ..." ಎನ್ನುವಷ್ಟರಲ್ಲಿ ಫೋನು ಕೈಜಾರಿ ಕೆಳಗೆ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ದೆವ್ವ ಹಿಡಿದಂತೆ ಬೀಸಿತು. ನಾಲ್ಕೂ ರೆಕ್ಕೆ ಒಟ್ಟಿಗೆ ನಡುಗಿದವು. "ಓಯ್ತು! ಓಯ್ತು ಕಣ್ರೋ!" ಎಂದು ಜವರಯ್ಯ ಕೂಗಿ ಮೆಟ್ಟಿಲ ಕಡೆ ಓಡಿದ. ಚಲುವಯ್ಯನವರಿಗೆ ತಮ್ಮ ಕೊನೆಗಾಲ ಬಂತೆಂದು ಖಾತ್ರಿಯಾಯಿತು. ಪಾಪ ಹೊತ್ತುಕೊಂಡು ಹೋಗುವುದು ಬೇಡವೆನಿಸಿತು. ಕೈಮುಗಿದು, ತಾರಸಿಯ ಮೂಲೆಯಲ್ಲಿ ಅಳುತ್ತಾ ನಿಂತಿದ್ದ ಹೆಂಡತಿಯನ್ನು ಕೂಗಿದರು.

"ಪುಟ್ಟಲಕ್ಷ್ಮೀ! ತಪ್ಪಾಯ್ತು ಕಣೇ! ನಿಮ್ಮವ್ವ ಕೊಟ್ಟ ರೇಷ್ಮೆ ಸೀರೆ ಎರಡೂ ಇಲಿ ತಿಂದ್ವು ಅಂದಿದ್ನಲ್ಲ, ತಿಂದಿಲ್ಲ. ಬಲಗಡೆ ರೆಕ್ಕೆಗೆ ಹೊದಿಸಿ ಬಣ್ಣ ಬಳದ್ಬುಟ್ಟೆ!"

ಪುಟ್ಟಲಕ್ಷ್ಮಮ್ಮ ಅಳುವುದನ್ನು ನಿಲ್ಲಿಸಿ ರೆಕ್ಕೆಯನ್ನು ನೋಡಿದರು.

"ಮಂಡಿನೋವು ಅಂದ್ಕಂಡು ಎರಡು ವರ್ಷ ಕೆ.ಆರ್. ಪೇಟೆಗೆ ನಿಮ್ಮ ತೌರಿಗೆ ಬರ್ಲಿಲ್ವಲ್ಲ, ಅದೂ ಸುಳ್ಳು. ನೀನು ಅತ್ಲಾಗ್ ಹೋಗ್ತಿದ್ದಂಗೆ ಇಲ್ಲಿ ಉಳಿ ಹಿಡೀತಿದ್ದೆ. ಯಶೋದಮ್ನೋರೇ! ನಿಮ್ ನುಗ್ಗೆಮರ ಕಡದಿದ್ದು ಕರೆಂಟಿನೋರಲ್ಲ, ನಾನೇ! ರೆಕ್ಕೆಗೆ ಅಡ್ಡ ಬರ್ತಿತ್ತು!"

ಕೆಳಗೆ ಯಶೋದಮ್ಮ ಮೆಟ್ಟಿಲ ಕಡೆ ಹೊರಟಳು.

ಆಗ ಜನರನ್ನು ಸರಿಸಿಕೊಂಡು ಕಲೀಂ ಮೇಲೆ ಬಂದ. ಮೂಟೆ, ರುಬ್ಬುಗುಂಡು, ನೀರಿಳಿಯುತ್ತಿದ್ದ ಚಲುವಯ್ಯನವರು ಎಲ್ಲವನ್ನೂ ನೋಡಿ ಹೌಹಾರಿದ.

"ಯಾ ಅಲ್ಲಾ! ಏನಣ್ಣ ಇದು?"

"ಹಾರ್ತಾ ಐತೆ ಕಣೋ ಕಲೀಂ! ಹಿಡ್ಕೊಳೋ!"

"ಹೆಂಗಣ್ಣ ಹಾರ್ತದೆ?" ಕಲೀಂ ಬಗ್ಗಿ, ಚಕ್ರಗಳ ಬುಡ ಮುಚ್ಚಿದ್ದ ಹಲಗೆ ಸರಿಸಿದ. "ಹೋದ ವರ್ಷ ನೀವು ನಾಗಮಂಗಲಕ್ಕೆ ಮಗಳ ಮನೆಗೆ ಹೋಗಿದ್ರಲ್ಲ, ಆವಾಗ್ಲೇ ಎಂಟು ಬೋಲ್ಟು ಹಾಕಿ ಕಾಂಕ್ರೀಟಿಗೆ ಬಿಗಿದ್ಬುಟ್ಟೆ. ತಾರಸಿ ತೂತು ಮಾಡಿದ್ರೆ ಅಕ್ಕ ಬೈತಾರೆ ಅಂತ ಹೇಳ್ಲಿಲ್ಲ. ಗಾಳಿಗೆ ರೆಕ್ಕೆ ಅಲ್ಲಾಡ್ತದೆ ಅಷ್ಟೇ. ತೂಫಾನ್ ಬಂದ್ರೂ ಇದು ಒಂದಿಂಚು ಕದಲೋದಿಲ್ಲ!"

ಚಕ್ರ ಎದ್ದಿದ್ದನ್ನು ಕಣ್ಣಾರೆ ಕಂಡಿದ್ದ ಜವರಯ್ಯ ಮೆಟ್ಟಿಲ ಮೇಲೆ ನಿಂತು ಕಾರ್ಖಾನೆಯ ಚಿಮಣಿ ಕಡೆ ದೃಷ್ಟಿ ಹೊರಳಿಸಿದ.

ಕಲೀಂ ನಗುತ್ತಾ ಮೂಟೆಗಳನ್ನು ಇಳಿಸಿದ, ರುಬ್ಬುಗುಂಡು ಎತ್ತಿಟ್ಟ. "ಇಳೀರಣ್ಣ, ಭಯ ಇಲ್ಲ" ಎಂದು ಕೈ ನೀಡಿದ.

ಚಲುವಯ್ಯನವರು ಕೆಳಗೆ ನೋಡಿದರು. ವಿಮಾನದ ಎಡಕ್ಕೆ ಪುಟ್ಟಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು. ಬಲಕ್ಕೆ ಯಶೋದಮ್ಮ, ಆಗಲೇ ಮೆಟ್ಟಿಲು ಹತ್ತಿ ಬಂದು, ಬಟ್ಟೆ ಒಗೆಯುವ ಕೋಲು ಹಿಡಿದು ನಿಂತಿದ್ದಳು.

ಚಲುವಯ್ಯನವರು ಕಲೀಮನ ಕೈ ಹಿಡಿಯಲಿಲ್ಲ. ಸೀಟಿನಲ್ಲಿ ಇನ್ನಷ್ಟು ಒಳಕ್ಕೆ ಕುಗ್ಗಿ, ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು:

"ಕಲೀಂ, ಆ ಎಂಟು ಬೋಲ್ಟು ಬಿಚ್ಚಾಕೆ ಎಷ್ಟೊತ್ತಾಯ್ತದಪ್ಪ?"