ಗೋವಿನಜೋಳದಲ್ಲಿ ಅಪ್ಪನ ದನಿ

ದೇಶಾಭಿಮಾನದ ವಿಷಯದಲ್ಲಿ ನಮ್ಮೂರಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಇಂಡಿಯಾ ಆಡುವ ದಿನ ನನ್ನ ಹಿಟ್ಟಿನ ಗಿರಣಿ ಬಂದ್. ಆಟ ಯಾವುದಾದರೂ ಸರಿ, ನಿಯಮ ಗೊತ್ತಿರಲಿ ಬಿಡಲಿ, ಟಿವಿ ಮುಂದೆ ಮೊದಲ ಸಾಲಿನಲ್ಲಿ ನಾನಿರಬೇಕು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬೆಳೆದ ಗಂಟಲು ನನ್ನದು. ನಾನು ಕೂಗಿದರೆ ಕೃಷ್ಣೆಯ ಆಚೆ ದಡದವರಿಗೂ ಸ್ಕೋರು ತಿಳಿಯುತ್ತಿತ್ತು.

ಒಂದೇ ಒಂದು ತೊಂದರೆ. ನಾನು ನೋಡಿದರೆ ಇಂಡಿಯಾ ಸೋಲುತ್ತಿತ್ತು!

ಇದು ನಾನು ಹೇಳುವ ಮಾತಲ್ಲ, ಊರಿನವರ ತೀರ್ಮಾನ. ನಾನು ಬಂದು ಕೂತೊಡನೆ ವಿಕೆಟ್ ಬೀಳುತ್ತದೆ, ನೀರು ಕುಡಿಯಲು ಎದ್ದರೆ ಸಿಕ್ಸರ್ ಹೋಗುತ್ತದೆ. ಹಾಕಿಯಲ್ಲೂ ಇದೇ, ಕಬಡ್ಡಿಯಲ್ಲೂ ಇದೇ. ಮೊದಮೊದಲು ನಗುತ್ತಿದ್ದ ಜನ ಆಮೇಲಾಮೇಲೆ ನಾನು ಹೊಸ್ತಿಲು ತುಳಿದರೆ ಸುಮ್ಮನೆ ಟಿವಿ ಆರಿಸತೊಡಗಿದರು. ಅದನ್ನು ನಾನು ಹೊಟ್ಟೆಕಿಚ್ಚು ಎಂದು ತಿಳಿದಿದ್ದೆ.

ಅಂಥದರಲ್ಲಿ ನನ್ನ ತಮ್ಮ ಮಾರುತಿಯ ಮಗಳು ಸುರೇಖಾ, ಮನೆಯವರ ಬಾಯಲ್ಲಿ ಸುರಿ, ಹೊರದೇಶದಲ್ಲಿ ಇಂಡಿಯಾ ಪರವಾಗಿ ಕುಸ್ತಿಗೆ ಇಳಿಯುವ ದಿನ ಬಂತು. ನಮ್ಮಪ್ಪ ಈ ಭಾಗದಲ್ಲಿ ಹೆಸರಾಂತ ಪೈಲ್ವಾನ. ಸಾಂಗಲಿ ಕಡೆ ಕುಸ್ತಿಗೆ ಹೋದರೆ ಅವನನ್ನು ಕಾನಡಿ ಎನ್ನುತ್ತಿದ್ದರು, ಧಾರವಾಡದ ಕಡೆ ಹೋದರೆ ಮರಾಠಿ ಪೈಲ್ವಾನ ಎನ್ನುತ್ತಿದ್ದರು. ಎಲ್ಲಿ ಗೆದ್ದರೂ ಚಪ್ಪಾಳೆ ಅರ್ಧ. ಮನೆಯಲ್ಲಿ ಒಬ್ಬರಾದರೂ ಬೆನ್ನ ಮೇಲೆ ದೇಶದ ಹೆಸರು ಬರೆಸಿಕೊಂಡು ಆಡಬೇಕು, ಆಗ ಯಾವ ಮಗನೂ ನೀ ಆ ಕಡೆಯವನೋ ಈ ಕಡೆಯವನೋ ಎಂದು ಕೇಳುವುದಿಲ್ಲ ಎಂದು ಸಾಯುವವರೆಗೂ ಹೇಳುತ್ತಿದ್ದ. ನಾನು ಕುಸ್ತಿಗೆ ನಾಲಾಯಕ್ಕು, ಮಾರುತಿಯೂ ಅಷ್ಟೇ. ಕೊನೆಗೆ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಗರಡಿಯ ಕೆಂಪು ಮಣ್ಣಿನಲ್ಲಿ ಬಿಟ್ಟವನು ಅಪ್ಪನೇ. ಆ ಬೆನ್ನನ್ನು, ಅದರ ಮೇಲಿನ ಹೆಸರನ್ನು ಅವನ ಬದಲು ನಾನು ಕಣ್ಣಾರೆ ನೋಡಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಪಂದ್ಯ ಇದ್ದುದು ಸಂಜೆಯ ಮುಂದೆ. ಮಧ್ಯಾಹ್ನವೇ ನಾನು ಮುಖಕ್ಕೆ ತ್ರಿವರ್ಣ ಬಳಿದುಕೊಳ್ಳಲು ಕುಳಿತೆ. ಟಿವಿಯಲ್ಲಿ ಕಾಣುವ ಜನ ಯಾವ ಬಣ್ಣ ಬಳಿದುಕೊಳ್ಳುತ್ತಾರೋ ನನಗೇನು ಗೊತ್ತು? ನಮ್ಮ ಮನೆಯಲ್ಲಿದ್ದುದು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಡಬ್ಬಿಗಳು. ಕೇಸರಿ ಇತ್ತು, ಹಸಿರು ಇತ್ತು, ಕಿಟಕಿಗೆ ಹಚ್ಚಿ ಉಳಿದ ಬಿಳಿಯೂ ಇತ್ತು. ಧಾರಾಳವಾಗಿ ಹಚ್ಚಿಕೊಂಡೆ. ವರ್ಷವಿಡೀ ಮಳೆ ಬಿಸಿಲಿಗೆ ಕೋಡು ಬಿಟ್ಟು ಅಲ್ಲಾಡದ ಬಣ್ಣ ಮುಖದ ಮೇಲೆ ಏನು ಮಾಡೀತು ಎಂಬ ಯೋಚನೆ ಬರುವ ಹೊತ್ತಿಗೆ ಅದು ಒಣಗಿತ್ತು. ನಗಲು ನೋಡಿದೆ. ಕೆನ್ನೆ ಜಗ್ಗಲಿಲ್ಲ.

ಹೆಂಡತಿ ಕಮಲಾ ನನ್ನನ್ನು ನೋಡಿ ಕೈಯಲ್ಲಿದ್ದ ಚರಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎತ್ತಿಗರೆ ಬರೇ ಕೋಡಿಗೆ ಹಚ್ತಾರ್ರಿ. ನೀವು ಪೂರಾ ಮಾರಿಗೇ ಹಚ್ಕೊಂಡೀರಿ."

ಅಷ್ಟರಲ್ಲಿ ಮಾರುತಿ ಬಂದ. ನನ್ನ ಮುಖ ನೋಡಿ ಒಂದು ಗಳಿಗೆ ತಡೆದು, ಆಮೇಲೆ ಕೈ ಮುಗಿದ.

"ಅಣ್ಣಾ, ನಿನ್ನ ಕಾಲ್ ಹಿಡೀತೀನಿ. ಇವತ್ತೊಂದಿನ ನೀ ನೋಡಬ್ಯಾಡ. ಹೊಲದಾಗ ಹಂದಿ ಕಾಟ ಭಾಳ ಆಗೇತಿ, ಅಲ್ಲೇ ಹೋಗಿ ಕುಂದರು. ಮುಗದ ಮ್ಯಾಲ ನಾನ ಬಂದು ಹೇಳ್ತೀನಿ."

ಕಮಲಾಳ ಕಡೆ ನೋಡಿದೆ. ಅವಳು ನೆಲ ನೋಡುತ್ತಲೇ ಬಂದು ನನ್ನ ಕಿಸೆಯಿಂದ ಮೊಬೈಲು ತೆಗೆದುಕೊಂಡಳು. ಮನೆಯವರೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು? ನನಗೆ ಅಳು ಒತ್ತಿ ಬಂತು. ಬಣ್ಣ ಮುಖ ಕಿವುಚಲೂ ಬಿಡಲಿಲ್ಲ.

ಹೊಲದ ದಾರಿ ಹಿಡಿದೆ. ಶ್ರಾವಣದ ಮೋಡ ಕವಿದಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಹೊತ್ತು ಎಷ್ಟಾಯಿತೆಂದು ತಿಳಿಯದ ಬೂದಿ ಬೆಳಕು. ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅಂಗಡಿಯಲ್ಲಿ ಚಹಾ ಕುದಿಯುತ್ತಿತ್ತು, ಕುದಿಸುವವನಿರಲಿಲ್ಲ. ಕಟ್ಟೆಯ ಮೇಲೆ ಇಸ್ಪೀಟು ಎಲೆಗಳು ಹಂಚಿದ ಹಾಗೆಯೇ ಬಿದ್ದಿದ್ದವು. ದಿನಾ ನನ್ನನ್ನು ಕಂಡು ಬಾಲ ಅಲ್ಲಾಡಿಸುವ ನಾಯಿ ನನ್ನ ಮುಖ ನೋಡಿ, ಬೊಗಳದೆ, ಹಿಂದೆ ಹಿಂದೆ ಸರಿದು ಗಟಾರಕ್ಕೆ ಇಳಿಯಿತು. ಎಲ್ಲರೂ ಮಾರುತಿಯ ಮನೆಯಲ್ಲಿ ಟಿವಿ ಮುಂದೆ ಸೇರಿದ್ದಾರೆಂದು ಗೊತ್ತಿತ್ತು. ಆದರೂ ಇಡೀ ಊರು ಏನನ್ನೋ ಕಂಡು ಎದ್ದು ಹೋದಂತೆ ಕಾಣುತ್ತಿತ್ತು.

ನಾನು ಗಿರಣಿಯವನು, ಹೊಲ ನೋಡಿಕೊಳ್ಳುವವನು ಮಾರುತಿ. ಈ ಸಲದ ಬೆಳೆಯನ್ನು ನಾನು ಕಂಡೇ ಇರಲಿಲ್ಲ. ಗೋವಿನಜೋಳ ತಲೆ ಮೇಲೆ ಬೆಳೆದು ನಿಂತಿತ್ತು. ಗಾಳಿ ಇಲ್ಲದಿದ್ದರೂ ಒಳಗೆಲ್ಲೋ ಎಲೆಗೆ ಎಲೆ ತಾಗುವ ಸದ್ದು. ಬದುವಿನ ಮೇಲೆ ಕುಳಿತೆ. ಎಷ್ಟೋ ಹೊತ್ತಾದ ಮೇಲೆ ಬೆಳೆಯ ನಡುವಿನಿಂದ ಯಾರೋ ಅತ್ತರು.

"ಹೋತು... ಎಲ್ಲಾ ಹೋತು... ಮನೀ ಮಾನ ಹೋತು..."

ಅದು ಅಪ್ಪನ ದನಿ. ತೀರಿಕೊಂಡು ವರ್ಷಗಳಾಗಿದ್ದವು, ಆದರೆ ಅದೇನು ಮರೆಯುವ ದನಿಯೇ? ದನಿ ನಿಂತಿತು. ಮಿಡತೆಗಳೂ ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಅದೇ ಜಾಗದಲ್ಲಿ ಅದೇ ನಿಟ್ಟುಸಿರು. ಬದುಕಿರುವ ಮನುಷ್ಯ ಹಾಗೆ ಮಾತಾಡುವುದಿಲ್ಲ.

ಓಡಬೇಕೆನ್ನಿಸಿತು. ಆದರೆ ಹೆತ್ತ ತಂದೆ ಅಳುತ್ತಿರುವಾಗ ಓಡುವುದು ಸಭ್ಯತೆಯಲ್ಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದೆ.

"ಅಪ್ಪಾ, ನಮ್ಮ ಸುರಿ ಸೋತ್ಳೇನು?"

"ಹೋತು... ಎಲ್ಲಾ ಹೋತು..."

ಇನ್ನೇನು ಬೇಕು? ಮೇಲಿನಿಂದ ಪಂದ್ಯ ಪೂರಾ ನೋಡಿ ಬಂದಿದ್ದಾನೆ! ಅವಳಿನ್ನೂ ಸಣ್ಣವಳು, ಬೈಯಬೇಡ ಎಂದು ಬೇಡಿಕೊಂಡೆ. ಅಪ್ಪ ಸುಮ್ಮನಾದ. ಬದುಕಿದ್ದಾಗ ಒಂದು ಸಲವೂ ನನ್ನ ಮಾತಿಗೆ ಸುಮ್ಮನಾದವನಲ್ಲ. ಸತ್ತ ಮೇಲೆ ಎಷ್ಟು ಸುಧಾರಿಸಿದ್ದಾನೆ ಎಂದು ನನಗೆ ಇನ್ನಷ್ಟು ದುಃಖವಾಯಿತು.

ಸೋತ ಮಗಳ ತಂದೆಯ ಪಕ್ಕದಲ್ಲಿ ಮನೆಯ ಹಿರಿಯನಾಗಿ ನಾನಿರಬೇಕು. ಹೊಲದ ನಡುವೆಯೇ ನುಗ್ಗಿ, ಎಲೆಗಳು ಕೈ ಕೊಯ್ಯುತ್ತಿದ್ದರೂ ನಿಲ್ಲದೆ, ಊರಿಗೆ ಓಡಿದೆ. ಮಾರುತಿಯ ಪಡಸಾಲೆಯಲ್ಲಿ ಓಣಿಗೆ ಓಣಿಯೇ ಕುಳಿತಿತ್ತು. ಟಿವಿಗೆ ಚಿಂಚಲಿ ಮಾಯಕ್ಕನ ಗುಡಿಯ ಭಂಡಾರದ ಅರಿಶಿನ ಹಚ್ಚಿದ್ದರು. ನಾನು ಬಾಗಿಲಲ್ಲಿ ನಿಂತು ಗಿರಣಿಯ ಗಂಟಲಲ್ಲಿ ಸಾರಿದೆ.

"ಮಾರುತೀ, ಅಪ್ಪ ಹೇಳಿದಾ. ನಮ್ಮ ಸುರಿ ಸೋತ್ಳು."

ಎಲ್ಲ ಕತ್ತುಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು. ಮುಖದ ಮೇಲೆ ಬಿರುಕು ಬಿಟ್ಟ ಮೂರು ಬಣ್ಣ, ತಲೆ ತುಂಬ ಜೋಳದ ಹೂವಿನ ಪುಡಿ, ಕೈತುಂಬ ರಕ್ತದ ಗೀರು, ಬಾಯಲ್ಲಿ ಸತ್ತವನ ಸಂದೇಶ. ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಒಬ್ಬ ಮುದುಕಿ ಹಿಡಿ ಭಂಡಾರ ತೆಗೆದು ನನ್ನ ಮೇಲೆ ಎರಚಿದಳು. ಮಾರುತಿ ಎದ್ದು ನಿಂತು, ನನಗೋ ಅಪ್ಪನಿಗೋ ತಿಳಿಯದ ಹಾಗೆ, ಕೈ ಮುಗಿದ.

ಎಲ್ಲರ ತಲೆಗಳ ಆಚೆ ಟಿವಿ ಕಾಣುತ್ತಿದ್ದುದು ನನಗೊಬ್ಬನಿಗೇ. ಅದರಲ್ಲಿ ಸುರೇಖಾ ಇನ್ನೂ ಆಡುತ್ತಿದ್ದಳು!

ಅವಳು ಬಗ್ಗಿ ಒಳಗೆ ನುಗ್ಗಿದಳು, ಎದುರಾಳಿಯ ಕಾಲಿಗೆ ಕೈ ಹಾಕಿದಳು, ಅಪ್ಪ ಗರಡಿಯಲ್ಲಿ ಕಲಿಸಿದ ಹಾಗೆಯೇ ಹೆಗಲಿಗೆ ಎತ್ತಿ ಮಗುಚಿದಳು. ಎದುರಾಳಿಯ ಎರಡೂ ಭುಜ ನೆಲಕ್ಕಂಟಿದವು. ಎದ್ದು ಆಚೆ ತಿರುಗಿದಾಗ ಬೆನ್ನು ಕಂಡಿತು, ಬೆನ್ನ ಮೇಲೆ ಹೆಸರು ಕಂಡಿತು. ಮರುಗಳಿಗೆಗೆ ಕರೆಂಟು ಹೋಯಿತು.

ಏನಾಯಿತೆಂದು ಕಮಲಾ ಕೇಳಿದಳು. ಗೆದ್ದಳು ಎಂದೆ. ಈಗಷ್ಟೇ ಸೋತಳು ಎಂದಿರಲ್ಲ ಎಂದು ಯಾರೋ ಗದರಿದರು.

"ಅದು ಅಪ್ಪ ಹೇಳಿದ್ದು. ಇದು ನಾ ನೋಡಿದ್ದು."

"ನೀವು ನೋಡಿದ ಮ್ಯಾಲ ಗೆಲ್ಲೂದು ಹ್ಯಾಂಗ್ರಿ?" ಎಂದಳು ಕಮಲಾ.

ಮಾರುತಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟ. ಮೊಬೈಲಿನಲ್ಲಿ ನೋಡಲು ಹೋದವರಿಗೆ ಚಕ್ರ ತಿರುಗಿದ್ದೇ ತಿರುಗಿದ್ದು. ಊರಿನಲ್ಲಿ ಗೆಲುವನ್ನು ಕಂಡವನು ನಾನೊಬ್ಬ, ನನ್ನನ್ನು ನಂಬುವವರು ಒಬ್ಬರೂ ಇಲ್ಲ. ಕೊನೆಗೆ ಮಾರುತಿಯ ಫೋನು ರಿಂಗಾಯಿತು. ಎಲ್ಲರಿಗೂ ಕೇಳಲೆಂದು ಅವನು ದನಿ ಜೋರು ಮಾಡಿದ. ಏದುಸಿರು ಬಿಡುತ್ತಿದ್ದ ಸುರೇಖಾ ಗೆದ್ದೆ ಎಂದು ಹೇಳಿ, ಎಲ್ಲರೂ ನೋಡಿದಿರಲ್ಲ ಎಂದು ಕೇಳಿದಳು. ಪಡಸಾಲೆಯಲ್ಲಿದ್ದವರೆಲ್ಲ ಆರಿದ ಟಿವಿಯ ಕಡೆ ನೋಡಿದರು.

"ನಾ ನೋಡೀನವ್ವಾ," ಎಂದೆ. "ಬೆನ್ನ ಮ್ಯಾಲಿನ ಹೆಸರೂ ನೋಡೀನಿ."

ಆ ಕಡೆಯಿಂದ ಅವಳು ಅಳುತ್ತಾ ಹೇಳಿದಳು. "ಹಂಗಾರ ಅಜ್ಜಾನೂ ನೋಡಿದಂಗ ಆತ್ರಿ, ದೊಡ್ಡಪ್ಪಾ."

ಕುಣಿತ, ಪೇಢೆ ಎಲ್ಲ ಮುಗಿದ ಮೇಲೆ ಅಪ್ಪನ ವಿಚಾರಣೆ ನಡೆಯಿತು. ಮಾರುತಿ ತಲೆ ಕೆರೆದುಕೊಂಡ. ಕಮಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಂದಿ ಬೆದರಿಸಲು ಮಾರುತಿ ಹೊಲದಲ್ಲಿ ಸಂಜೆಯಾದರೆ ತಾನೇ ಕೂಗುವ ಬ್ಯಾಟರಿ ಸ್ಪೀಕರು ಕಟ್ಟಿದ್ದನಂತೆ. ಅದಕ್ಕೆ ಭಯಂಕರ ದನಿಯೊಂದು ಬೇಕಾಗಿತ್ತಂತೆ. ಹಿಂದೆ ಇಂಡಿಯಾ ಕ್ರಿಕೆಟ್ಟಿನಲ್ಲಿ ಸೋತಾಗ ನಾನು ನೆಲಕ್ಕೆ ಬಿದ್ದು ಅತ್ತದ್ದನ್ನು ಕಮಲಾ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಅದನ್ನೇ ಕೊಟ್ಟಳಂತೆ.

"ನಿಮ್ಮ ದನಿ ಥೇಟ್ ಮಾವಾರ ದನೀನ ಐತ್ರಿ. ನಿಮಗ ಎಂದೂ ಗೊತ್ತಾಗಿಲ್ಲೇನು?"

ಗೊತ್ತಾಗಿರಲಿಲ್ಲ. ಗಿರಣಿಯಲ್ಲಿ ನನ್ನ ದನಿ ನನಗೆ ಯಾವತ್ತು ಕೇಳಿಸಿದೆ?

ಬಣ್ಣ ತೆಗೆಯಲು ಸೀಮೆಎಣ್ಣೆ ಬೇಕಾಯಿತು. ಕೇಸರಿ ಹೋಯಿತು, ಬಿಳಿ ಹೋಯಿತು, ಹಸಿರು ಮಾತ್ರ ಹೋಗಲಿಲ್ಲ. ಸುರೇಖಾಳನ್ನು ಕುಡಚಿ ಸ್ಟೇಷನ್ನಿನಲ್ಲಿ ಎದುರುಗೊಂಡ ದಿನದ ಫೋಟೋದಲ್ಲಿ ಅವಳ ಕೊರಳಲ್ಲಿ ಪದಕ, ನನ್ನ ಗದ್ದದ ಮೇಲೆ ಪಾಚಿ.

ಮೊನ್ನೆ ಅವಳ ಇನ್ನೊಂದು ಪಂದ್ಯವಿತ್ತು. ಮಾರುತಿ ಮತ್ತೆ ಕೈ ಮುಗಿದು ಬಂದ. ಈ ಸಲದ ಬೇಡಿಕೆ ಬೇರೆ. ಹೋದ ಸಲ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಮಾಡಬೇಕು. ಮುಖಕ್ಕೆ ಕೋಡಿನ ಬಣ್ಣ, ಬದುವಿನ ಮೇಲೆ ಕೂರುವುದು, ಓಡಿ ಬರುವುದು, ಬಾಗಿಲಲ್ಲಿ ನಿಂತು ಸೋತಳೆಂದು ಸಾರುವುದು. ದೇಶದ ಕೆಲಸ, ಇಲ್ಲವೆನ್ನಲಾದೀತೇ? ಹಚ್ಚಿಕೊಂಡು ಹೋಗಿ ಕುಳಿತೆ. ಹಂದಿಗಳು ಸ್ಪೀಕರಿನ ಕೆಳಗೇ ನಿಂತು ನಿಶ್ಚಿಂತೆಯಿಂದ ತೆನೆ ಮುರಿಯುತ್ತಿದ್ದವು. ಬೆಳೆಯ ಒಳಗಿನಿಂದ ಆ ದನಿ ಎದ್ದಿತು. ಅದು ನನ್ನದೇ ದನಿಯೆಂದು ನನಗೆ ಚೆನ್ನಾಗಿ ಗೊತ್ತು. ಹಂದಿಗಳಿಗೂ ಗೊತ್ತಾಗಿರಬೇಕು, ಒಂದೂ ತಲೆ ಎತ್ತಲಿಲ್ಲ. ಎದ್ದು ಓಡಿದವನು ನಾನೊಬ್ಬನೇ.